ಸಹಾಯ ಬೇಕು: ಮಣಿಪುರದಿಂದ ಬಂದ ಹುಡುಗಿಯನ್ನು ಶಾಲೆಗೆ ಸೇರಿಸಬೇಕು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಮ್ಮ ಪಕ್ಕದ ಬೀದಿಗೆ ಚುರಾಚಾಂದಪುರದ ಪರಿಹಾರ ಶಿಬಿರದಿಂದ ಒಬ್ಬ ತಾಯಿ, ಇಬ್ಬರು ಮಕ್ಕಳು ಬಂದಿದ್ದಾರೆ. 2023ರ ಮೇ 3ಕ್ಕೆ ಮಣಿಪುರದಲ್ಲಿ ಗಲಭೆ ಶುರುವಾಯಿತಲ್ವಾ, ಆಮೇಲೆ ಕುಕಿ, ಮೈತೇಯಿ ಎರಡೂ ಸಮುದಾಯದವರು ಸೇರಿ ಸುಮಾರು 60 ಸಾವಿರ ಜನ ಮನೆ ಬಿಟ್ಟರು. ಇವರ ಮನೆ ಸುಟ್ಟುಹೋಯಿತು, ಮಕ್ಕಳ ಟಿ.ಸಿ., ಮಾರ್ಕ್ಸ್ ಕಾರ್ಡ್ ಎಲ್ಲಾ ಅದರ ಜೊತೆಗೇ ಹೋಯಿತು. ಉಳಿದಿರುವುದು ಪ್ಲಾಸ್ಟಿಕ್ ಕವರ್‌ನಲ್ಲಿರುವ ಒಂದು ಆಧಾರ್ ಜೆರಾಕ್ಸ್, ಅದೂ ಮಡಿಕೆಯಲ್ಲಿ ಅಕ್ಷರ ಅಳಿಸಿದೆ.

ದೊಡ್ಡವಳಿಗೆ 12 ವರ್ಷ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಟಿ.ಸಿ. ಇಲ್ಲದೆ ಆಗಲ್ಲ ಅಂದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿ.ಸಿ. ತಡವಾಯ್ತು, ವಯಸ್ಸಿನ ದಾಖಲೆ ಇಲ್ಲ ಅಂತ ಈ ವಯಸ್ಸಿನ ಮಗುವನ್ನು ವಾಪಸ್ ಕಳಿಸುವ ಹಾಗೇ ಇಲ್ಲ. ನಾನೊಬ್ಬಳೇ ಹೋಗಿ ಹೇಳಿದೆ, ಕೇಳಲಿಲ್ಲ.

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಕೆಲಸ ಗೊತ್ತಿರುವ ಮೇಷ್ಟ್ರು ಅಥವಾ ವಕೀಲರು ಯಾರಾದರೂ ಒಂದು ದಿನ ಜೊತೆಗೆ ಬರುತ್ತೀರಾ? ಥಾಡೋ ಭಾಷೆ ಬರುವವರೂ ಬೇಕು, ಆ ತಾಯಿಗೆ ಹಿಂದಿ ಅಷ್ಟಕ್ಕಷ್ಟೇ. ದುಡ್ಡು ಬೇಡ. ಆರನೇ, ಏಳನೇ ಕ್ಲಾಸಿನ ಹಳೇ ಪುಸ್ತಕ ಇದ್ದರೆ ಕೊಡಿ. ಹುಡುಗಿ ಅಂಗಡಿ ಬೋರ್ಡ್ ನೋಡಿ ಹಾಲಿನ ಕವರ್ ಮೇಲೆ ಪೆನ್ನಲ್ಲಿ ಕನ್ನಡ ಅಕ್ಷರ ತಿದ್ದುತ್ತಾ ಕೂತಿರುತ್ತಾಳೆ. ಇನ್‌ಬಾಕ್ಸ್‌ಗೆ ಬನ್ನಿ, ದಯವಿಟ್ಟು ಈ ವಾರವೇ.