ಅಪ್‌ಡೇಟ್: ಹೆಬ್ರಿ ಕಡೆ ಮೊದಲ ಮೌಂಟನ್ ಬೈಕ್ ಟ್ರಿಪ್ ಮುಗಿಸಿ ಬಂದೆವು

ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ: ಉಡುಪಿಯಿಂದ ನಾವು ನಾಲ್ಕು ಜನ ಹೆಬ್ರಿ ಹತ್ತಿರದ ರೆಸಾರ್ಟಿಗೆ ಮೌಂಟನ್ ಬೈಕ್ ಓಡಿಸಲು ಹೋಗ್ತಿದ್ದೇವೆ, ಸೈಕಲ್ ಇಲ್ಲಿಂದ ಒಯ್ಯಬೇಕಾ, ಅಲ್ಲೇ ಬಾಡಿಗೆಗೆ ತಗೊಳ್ಳಬೇಕಾ ಅಂತ. ಹೋದ ಶನಿವಾರ ಹೋಗಿ ಬಂದೆವು. ಎಲ್ಲರ ಕೈಕಾಲೂ ನೆಟ್ಟಗಿದೆ.

"ಬಾಡಿಗೆ ಸಾಕು" ಅನ್ನುವ ಮಾತು ಕೇಳಿ ಇಬ್ಬರು ಕೆಟ್ಟರು. ಅಲ್ಲಿದ್ದ ಸೈಕಲ್‌ಗಳ ಬ್ರೇಕ್ ಪ್ಯಾಡ್ ಪೂರ್ತಿ ಸವೆದಿತ್ತು. ಪಾಪ, ತೋಟದ ದಾರಿಯಲ್ಲೇ ಸುತ್ತಿದರು.

ನಿಜವಾಗಿ ಕೆಲಸಕ್ಕೆ ಬಂದದ್ದು ಟೈರ್ ಗಾಳಿ ಇಳಿಸಿ ಅನ್ನುವ ಸಲಹೆ. ಊರಿನ ರಸ್ತೆಗೆ ನಾನು 45 ಪಿಎಸ್‌ಐ (ಟೈರಿನ ಗಾಳಿ ಒತ್ತಡದ ಅಳತೆ) ಇಡುತ್ತಿದ್ದೆ. ಅದರಲ್ಲೇ ಇಳಿದಾಗ ಮುರಕಲ್ಲಿನ ಸಣ್ಣ ಜಲ್ಲಿಯಲ್ಲಿ ಮುಂದಿನ ಚಕ್ರ ಗೋಲಿ ಮೇಲೆ ಇಟ್ಟ ಹಾಗೆ ಜಾರಿತು. 30ಕ್ಕೆ ಇಳಿಸಿದೆ, ನೆಲ ಕಚ್ಚಿಕೊಂಡಿತು. ಟ್ಯೂಬ್ ಇರುವ ಟೈರ್ ಆದ್ದರಿಂದ ಇನ್ನೂ ಇಳಿಸಲಿಲ್ಲ. ಕಲ್ಲಿಗೆ ಬಡಿದರೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಪಂಕ್ಚರ್ ಆಗ್ತದೆ.

ಯಾರೂ ಹೇಳದೇ ಇದ್ದದ್ದು ಒಂದಿದೆ. ಮುಂದಿನ ಚಕ್ರ ಬಿಚ್ಚಿ ಸೈಕಲನ್ನು ಕಾರಲ್ಲಿ ಮಲಗಿಸಿದ್ದೆವು. ದಾರಿಯಲ್ಲಿ ಯಾರೋ ಸುಮ್ನೆ ಬ್ರೇಕ್ ಒತ್ತಿದ್ದಾರೆ. ದ್ರವದ ಒತ್ತಡದಲ್ಲಿ ಚಕ್ರದ ಡಿಸ್ಕನ್ನು ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಅಲ್ವಾ, ನಡುವೆ ಡಿಸ್ಕ್ ಇಲ್ಲದೆ ಎರಡೂ ಪ್ಯಾಡ್ ಒಂದಕ್ಕೊಂದು ಅಂಟಿ ಕೂತವು. ಚಕ್ರ ಒಳಗೇ ಹೋಗಲ್ಲ! ಪ್ಯಾಡ್ ಬಿಡಿಸಲು ಅಂತ ರೆಸಾರ್ಟಿನ ಅಡುಗೆ ಭಟ್ಟರು ದೋಸೆ ಸಟ್ಟುಗ ತಂದುಕೊಟ್ಟರು. ಎಣ್ಣೆ ತಾಗಿದರೆ ಪ್ಯಾಡ್ ಹಾಳು, ಬೇಡ ಭಟ್ರೇ ಅಂದೆವು. ಟೈರ್ ಬಿಚ್ಚುವ ಪ್ಲಾಸ್ಟಿಕ್ ಪಟ್ಟಿ (ಟೈರ್ ಲಿವರ್) ತೂರಿಸಿ ಮೆಲ್ಲಗೆ ಅಗಲಿಸಿದೆವು. ಬರುವಾಗ ಪ್ಯಾಡ್‌ಗಳ ನಡುವೆ ರಟ್ಟು ಮಡಚಿ ಇಟ್ಟೆವು.

ಉಂಬಳಕ್ಕೆ (ಜಿಗಣೆಗೆ) ಉಪ್ಪು ಒಯ್ಯಿರಿ ಅಂದಿದ್ದಿರಿ. ಈ ಬಿಸಿಲಿಗೆ ಒಂದೂ ಸಿಗಲಿಲ್ಲ. ಉಪ್ಪು ಮಾವಿನಕಾಯಿಗೆ ಆಯ್ತು.