ಓದುವಾಗ ತಿಳಿದದ್ದು ಬರೆಯುವಾಗ ಎಲ್ಲಿ ಹೋಗುತ್ತದೆ? – ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮೂರನೆಯ ಸೆಮಿಸ್ಟರಿನ ವಿದ್ಯಾರ್ಥಿನಿಯೊಬ್ಬರು ತಮ್ಮ ಅಳಲನ್ನು ಹೇಳಿಕೊಂಡಿದ್ದರು. ಹತ್ತನೆಯ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಮೊದಲಿಗರಾಗಿದ್ದ ಅವರು ಈಗ ದಿನಕ್ಕೆ ಆರೇಳು ಗಂಟೆ ಓದುತ್ತಾರೆ, ಪುಸ್ತಕದ ತುಂಬ ಮೂರು ಬಣ್ಣದ ಹೈಲೈಟರ್‌ಗಳಿಂದ ಗೆರೆ ಎಳೆಯುತ್ತಾರೆ, ಒಂದೊಂದು ಅಧ್ಯಾಯವನ್ನೂ ನಾಲ್ಕೈದು ಬಾರಿ ಮುಗಿಸುತ್ತಾರೆ. ಆದರೂ ಎರಡು ವಿಷಯಗಳು ಪಾಸಾಗದೆ ಬ್ಯಾಕ್‌ಲಾಗ್ ಆಗಿ ಉಳಿದಿವೆ. ‘ಓದುವಾಗ ಎಲ್ಲವೂ ತಿಳಿದಂತೆಯೇ ಇರುತ್ತದೆ, ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ತಲೆ ಬರಿದಾಗುತ್ತದೆ. ನನ್ನ ಬುದ್ಧಿಯೇ ಇಷ್ಟೋ, ಓದುವ ಕ್ರಮ ತಪ್ಪೋ?’ ಎಂಬುದು ಅವರ ಪ್ರಶ್ನೆಯಾಗಿತ್ತು. ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತಿದ್ದೇವೆ. ಹಲವರು ತಮ್ಮ ಸೋಲುಗಳನ್ನೂ ಬರೆದಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

•

ಆರೇಳು ಗಂಟೆ ಓದುತ್ತೇನೆ ಎನ್ನುವ ಈ ಹುಡುಗಿ ಆ ಹೊತ್ತಿನಲ್ಲಿ ತನ್ನ ಮೊಬೈಲ್ ಎಲ್ಲಿರುತ್ತದೆ ಎಂಬುದನ್ನು ಬರೆದಿಲ್ಲ. ಮೊದಲು ಅದನ್ನು ಬರೆಯಲಿ. ಬುದ್ಧಿಯ ಮಾತು ಆಮೇಲೆ.

– ನಿವೃತ್ತ ಮುಖ್ಯೋಪಾಧ್ಯಾಯರು, ಹಾಸನ

•

ಇದೇ ಸಂಶಯ ಇನ್ನೂ ಕೆಲವು ಪತ್ರಗಳಲ್ಲಿ ಇತ್ತು. ಆದರೆ ವಿದ್ಯಾರ್ಥಿನಿ ಕೇಳಿದ್ದು ಹೊತ್ತು ಸಾಲದ್ದನ್ನು ಕುರಿತಲ್ಲ, ಹೊತ್ತು ಕೊಟ್ಟರೂ ದಕ್ಕದ್ದನ್ನು ಕುರಿತು. ಶಿರಸಿಯ ಕಡೆಯಿಂದ ಬಂದ ಮುಂದಿನ ಪತ್ರ ದೀರ್ಘವಾಗಿದೆ; ಕತ್ತರಿಸಲು ಮನಸ್ಸಾಗಲಿಲ್ಲ.

•

ನಿಮ್ಮ ಮೂರು ಬಣ್ಣದ ಗೆರೆಗಳ ಸಂಗತಿಯನ್ನು ಓದಿ ಪತ್ರಿಕೆಯನ್ನು ಮಡಿಚಿಟ್ಟೆ. ಎರಡು ದಿನ ಬಿಟ್ಟು ಮತ್ತೆ ತೆಗೆದು ಓದಿ, ಈಗ ಬರೆಯಲು ಕುಳಿತಿದ್ದೇನೆ.

ನಾನು 1990ರಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪಿಯುಸಿಗೆ ವಿಜ್ಞಾನ ತೆಗೆದುಕೊಂಡವನು. ಮೊದಲ ದಿನವೇ ಭೌತಶಾಸ್ತ್ರದ ಉಪನ್ಯಾಸಕರು ವೆಲಾಸಿಟಿ, ಆಕ್ಸಿಲರೇಶನ್ ಎನ್ನುತ್ತ ಹಲಗೆಯ ತುಂಬ ಬರೆದರು. ವೇಗ, ವೇಗೋತ್ಕರ್ಷ ಎಂದಿದ್ದರೆ ಎದ್ದು ನಿಂತು ಉತ್ತರ ಹೇಳುವಷ್ಟು ನನಗೆ ಗೊತ್ತಿತ್ತು. ಅದೇ ಇದು ಎಂದು ತಿಳಿಯಲು ಮೂರು ವಾರ ಹಿಡಿಯಿತು, ಅಷ್ಟರಲ್ಲಿ ಪಾಠ ಬಹಳ ಮುಂದೆ ಹೋಗಿತ್ತು. ‘ಅಂಡರ್‌ಸ್ಟುಡ್?’ ಎಂದು ಅವರು ಕೇಳಿದಾಗಲೆಲ್ಲ ಇಡೀ ತರಗತಿಯ ಜೊತೆ ನಾನೂ ‘ಯೆಸ್ ಸರ್’ ಎಂದೆ. ಒಮ್ಮೆ ಎಂದ ಮೇಲೆ ಮರುದಿನ ‘ಇಲ್ಲ’ ಎನ್ನುವುದು ಕಷ್ಟ. ಒಂದು ವರ್ಷ ಎಂದ ಮೇಲೆ ಅಸಾಧ್ಯ.

ತಿಳಿಯದ್ದನ್ನು ಮುಚ್ಚಿಕೊಳ್ಳಲು ನಾನು ಕಂಡುಕೊಂಡ ಉಪಾಯವೆಂದರೆ ನೋಟ್ಸು. ತಲೆಬರಹಕ್ಕೆ ಕೆಂಪು ಶಾಯಿ, ಸೂತ್ರಗಳಿಗೆ ಹಸಿರು, ಪ್ರತಿ ಅಧ್ಯಾಯದ ಕೊನೆಗೆ ಅಡಿಪಟ್ಟಿ ಇಟ್ಟು ಎಳೆದ ಜೋಡಿಗೆರೆ. ಒಂದು ಚಿತ್ತು ಬಿದ್ದರೆ ಹಾಳೆಯನ್ನೇ ಹರಿದು ಮತ್ತೆ ಬರೆಯುತ್ತಿದ್ದೆ. ರಾತ್ರಿ ಹನ್ನೊಂದರವರೆಗೆ ಹೀಗೆ ಬರೆದು ಮಲಗಿದರೆ ಓದಿದ ತೃಪ್ತಿಯೂ ಇರುತ್ತಿತ್ತು, ಕೈ ನೋಯುತ್ತಿದ್ದುದರಿಂದ ಅದು ದುಡಿಮೆಯೇ ಎಂದು ನನಗೂ ಅನ್ನಿಸುತ್ತಿತ್ತು. ಮನೆಗೆ ನೆಂಟರು ಬಂದಾಗ ಅಪ್ಪಯ್ಯ ಆ ನೋಟ್‌ಬುಕ್ಕನ್ನು ಜಗಲಿಗೆ ತರಿಸುತ್ತಿದ್ದರು. ಅವರು ಕವಳದ ಕೈಯನ್ನು ಪಂಚೆಗೆ ಒರೆಸಿಕೊಂಡು, ಪುಟಗಳನ್ನು ತುದಿಯಲ್ಲಿ ಹಿಡಿದು ತಿರುಗಿಸುತ್ತಿದ್ದರು.

ಎರಡನೆಯ ವರ್ಷ ಭೌತಶಾಸ್ತ್ರ, ಗಣಿತ ಎರಡರಲ್ಲೂ ಫೇಲಾದೆ. ಅಪ್ಪಯ್ಯ ಬೈಯಲಿಲ್ಲ. ಆ ನೋಟ್‌ಬುಕ್ಕನ್ನೇ ಬಿಡಿಸಿ ಬಹಳ ಹೊತ್ತು ನೋಡಿ, ‘ಇಷ್ಟು ಚೆಂದ ಬರೆದವನನ್ನು ಫೇಲು ಹೇಗೆ ಮಾಡಿದರು? ಎಲ್ಲೋ ಅಂಕ ಕೂಡುವಾಗ ತಪ್ಪಿದ್ದಾರೆ’ ಎಂದರು. ದರ ಏರುವವರೆಗೆ ಕಾಯೋಣವೆಂದು ಇಟ್ಟಿದ್ದ ಚಾಲಿ ಅಡಿಕೆಯಲ್ಲಿ ಒಂದು ಚೀಲವನ್ನು ಮಾರಿ ಮರುಎಣಿಕೆಗೆ ಹಣ ಕಟ್ಟಿದರು. ಕೂಡಿದ್ದರಲ್ಲಿ ತಪ್ಪಿರಲಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಹೇಳದೆ, ಚೀಲವನ್ನು ಸೈಕಲ್ಲಿಗೆ ಏರಿಸಲು ಕೈ ಕೊಟ್ಟೆ. ಅಂಕಗಳಲ್ಲಿ ವ್ಯತ್ಯಾಸವಿಲ್ಲವೆಂದು ಕಾಗದ ಬಂದಿತು. ಅಪ್ಪಯ್ಯ ತೀರಿಕೊಳ್ಳುವವರೆಗೂ ತಪ್ಪು ಎಣಿಸಿದವರದ್ದೇ ಎಂದು ನಂಬಿದ್ದರು. ಆ ನಂಬಿಕೆಯನ್ನು ಮುರಿಯುವ ಧೈರ್ಯ ನನಗೆ ಕಡೆಗೂ ಬರಲಿಲ್ಲ.

ಮುಂದೆ ಊರಿನ ಸಹಕಾರ ಸಂಘದಲ್ಲಿ ಗುಮಾಸ್ತನಾದೆ. ಬಡ್ತಿಗೆ ಬೇಕಾದ ಇಲಾಖಾ ಪರೀಕ್ಷೆಯೊಂದನ್ನು ಮೂವತ್ತೆಂಟನೆಯ ವಯಸ್ಸಿನಲ್ಲಿ ಕಟ್ಟಿದಾಗ ಬಣ್ಣದ ಶಾಯಿಗೆ ಬಿಡುವಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಎರಡು ಪುಟ ಓದುವುದು, ಸಂಜೆ ನಾಲ್ಕು ಕಿಲೋಮೀಟರ್ ಸೈಕಲ್ ತುಳಿಯುತ್ತ ಅದನ್ನು ಗಟ್ಟಿಯಾಗಿ ನನಗೆ ನಾನೇ ಹೇಳಿಕೊಳ್ಳುವುದು. ಎಲ್ಲಿ ಮಾತು ನಿಂತಿತೋ ಅಲ್ಲಿ ನನಗೆ ತಿಳಿದಿಲ್ಲವೆಂದು ಅರ್ಥ. ಮನೆ ಮುಟ್ಟಿದ ಮೇಲೆ ಅದನ್ನಷ್ಟೇ ತೆಗೆದು ನೋಡುತ್ತಿದ್ದೆ. ದಾರಿಯಲ್ಲಿ ಕೇಳುವವರು ಯಾರೂ ಇಲ್ಲದ್ದರಿಂದ ಸುಳ್ಳು ‘ಯೆಸ್ ಸರ್’ಗೆ ಎಡೆಯಿರಲಿಲ್ಲ. ಮೊದಲ ಸಲಕ್ಕೇ ಪಾಸಾದೆ. ಆ ದಿನ ಸಂತೋಷಕ್ಕಿಂತ ಹೆಚ್ಚಾಗಿ ಆ ಅಡಿಕೆ ಚೀಲವೇ ನೆನಪಿಗೆ ಬಂತು.

ನಿಮ್ಮ ಬುದ್ಧಿ ಎಷ್ಟೆಂದು ನಾನು ಹೇಗೆ ಹೇಳಲಿ? ತರಗತಿಯಲ್ಲಿ ‘ತಿಳಿಯಲಿಲ್ಲ’ ಎಂದು ಕಡೆಯ ಬಾರಿ ಹೇಳಿದ್ದು ಯಾವಾಗ ಎಂಬುದನ್ನು ಮಾತ್ರ ಕೇಳಬಲ್ಲೆ.

– ಸಹಕಾರ ಸಂಘದ ನೌಕರ, ಶಿರಸಿ ತಾಲೂಕು

•

ಓದಿದ ತೃಪ್ತಿ ಬೇರೆ, ಓದು ಬೇರೆ ಎಂದು ಈ ಪತ್ರ ಅನುಭವದಿಂದ ಹೇಳಿದ್ದನ್ನು ದಾವಣಗೆರೆಯ ಉಪನ್ಯಾಸಕರೊಬ್ಬರು ಪ್ರಯೋಗಗಳ ಆಧಾರದ ಮೇಲೆ ವಿವರಿಸಿದ್ದಾರೆ.

•

ಮತ್ತೆ ಮತ್ತೆ ಓದುವುದು ಹುಟ್ಟಿಸುವ ಪರಿಚಯವನ್ನು ನಾವು ತಿಳಿವಳಿಕೆ ಎಂದು ಭ್ರಮಿಸುತ್ತೇವೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಮರಳಿ ಮರಳಿ ಓದಿದರು. ಇನ್ನು ಕೆಲವರು ಓದಿದ ಮೇಲೆ ಹಾಳೆಯನ್ನು ಬದಿಗಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮರಳಿ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ಬರೆದವರು ಮುಂದಿದ್ದರು. ಇನ್ನೂ ಗಮನಿಸಬೇಕಾದದ್ದೆಂದರೆ, ‘ನನಗೆ ಇದು ಚೆನ್ನಾಗಿ ನೆನಪಿರುತ್ತದೆ’ ಎಂಬ ಭರವಸೆ ಹೆಚ್ಚಾಗಿ ಇದ್ದದ್ದು ಮರಳಿ ಓದಿದವರಲ್ಲಿಯೇ. ‘ತಿಳಿದಂತೆಯೇ ಇರುತ್ತದೆ’ ಎಂದು ನೀವು ಬರೆದಿದ್ದೀರಲ್ಲ, ಆ ‘ಅಂತೆ’ ಎಂಬುದರ ಕತೆ ಇದೇ.

ನಿಮ್ಮ ವಿಷಯದ್ದೇ ಉದಾಹರಣೆ ಕೊಡುತ್ತೇನೆ. ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ಥೆವೆನಿನ್ ಪ್ರಮೇಯದ (ಜಟಿಲ ವಿದ್ಯುತ್ ಮಂಡಲವನ್ನು ಒಂದು ವೋಲ್ಟೇಜ್ ಮೂಲಕ್ಕೂ ಒಂದು ರೋಧಕ್ಕೂ ಇಳಿಸುವ ನಿಯಮ) ಬಿಡಿಸಿದ ಲೆಕ್ಕವೊಂದನ್ನು ತೆಗೆದುಕೊಳ್ಳಿ. ಪುಸ್ತಕದಲ್ಲಿ ಹೆಜ್ಜೆ ಹೆಜ್ಜೆಗೂ ‘ಹೌದು, ಸರಿ’ ಎನ್ನಿಸುತ್ತದೆ. ಈಗ ಮಂಡಲದ ಚಿತ್ರವೊಂದನ್ನು ಬಿಟ್ಟು ಉಳಿದುದನ್ನೆಲ್ಲ ಕೈಯಿಂದ ಮುಚ್ಚಿ. ಲೋಡನ್ನು ಮೊದಲು ಬಿಡಿಸಿಡಬೇಕೋ ಆಮೇಲೋ, ಸಮಾನ ರೋಧವನ್ನು ಕಂಡುಹಿಡಿಯುವಾಗ ವೋಲ್ಟೇಜ್ ಮೂಲವನ್ನು ಶಾರ್ಟ್ ಮಾಡಬೇಕೋ ತೆರೆದಿಡಬೇಕೋ, ಕರೆಂಟ್ ಮೂಲವನ್ನು ಏನು ಮಾಡಬೇಕು, ಅವಲಂಬಿತ ಮೂಲವಿದ್ದರೆ ಅದನ್ನು ತೆಗೆಯಬಹುದೇ ಎಂಬ ಪ್ರಶ್ನೆಗಳು ಆಗ ಏಳುತ್ತವೆ. ಪುಸ್ತಕ ತೆರೆದಿದ್ದಾಗ ಈ ಪ್ರಶ್ನೆಗಳನ್ನು ಕೇಳಿದ್ದೂ ಉತ್ತರಿಸಿದ್ದೂ ಲೇಖಕರು. ನೀವು ತಲೆಯಾಡಿಸಿದ್ದಿರಿ ಅಷ್ಟೆ. ಪರೀಕ್ಷೆಯಲ್ಲಿ ಲೇಖಕರು ಪಕ್ಕದಲ್ಲಿರುವುದಿಲ್ಲ.

ಆದ್ದರಿಂದ ಆರು ಗಂಟೆಯಲ್ಲಿ ಎರಡನ್ನು ಓದಿಗೆ ಬಿಟ್ಟು ಉಳಿದುದನ್ನು ಪುಸ್ತಕ ಮುಚ್ಚಿ ಬಿಡಿಸುವುದಕ್ಕೆ ಕೊಡಿ. ಒಂದೇ ಲೆಕ್ಕವನ್ನು ಒಂದೇ ದಿನ ಐದು ಬಾರಿ ಮಾಡುವುದಕ್ಕಿಂತ ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಕಳೆದು ಒಮ್ಮೆ ಮಾಡಿ. ಮೊದಲ ವಾರ ನಿಮಗೆ ನೀವೇ ದಡ್ಡರಾಗಿ ಕಾಣುತ್ತೀರಿ, ಗಾಬರಿಯಾಗಬೇಡಿ.

– ಉಪನ್ಯಾಸಕ, ದಾವಣಗೆರೆ

•

ಉಪನ್ಯಾಸಕರ ಸಲಹೆಗೆ ನಮ್ಮ ಮನೆಗಳಲ್ಲಿಯೇ ಹಳೆಯ ಸಾಕ್ಷಿಯಿದೆ ಎನ್ನುತ್ತಾರೆ ಕುಂದಾಪುರದ ಹಿರಿಯರೊಬ್ಬರು.

•

ನಮ್ಮ ಅಜ್ಜಿಗೆ ಓದು ಬರುತ್ತಿರಲಿಲ್ಲ, ಮಗ್ಗಿ ಮಾತ್ರ ಇಪ್ಪತ್ತರವರೆಗೆ ಬಾಯಲ್ಲೇ ಇತ್ತು. ಸಂಜೆ ದೀಪ ಹಚ್ಚಿದ ಮೇಲೆ ನಾವು ರಾಗವಾಗಿ ‘ಏಳೊಂದ್ಲ ಏಳು’ ಎಂದು ಹೇಳಿ ಮುಗಿಸಿ ಏಳಲು ಹೊರಟರೆ ಅವರು ಬಿಡುತ್ತಿರಲಿಲ್ಲ. ಹೂವು ಕಟ್ಟುತ್ತಲೇ, ತಲೆ ಎತ್ತದೆ, ‘ಏಳೆಂಟ್ಲ?’ ಎನ್ನುವರು. ರಾಗ ಕೈಬಿಟ್ಟಿರುತ್ತಿತ್ತು, ಮೊದಲಿನಿಂದ ಹೇಳಿಕೊಂಡು ಬರಲು ಬಾಯಿ ತೆರೆದರೆ ‘ಏಣಿ ಹತ್ತಬೇಡ, ಹಾರು’ ಎಂದು ತಡೆಯುವರು. ರಾತ್ರಿ ಊಟಕ್ಕೆ ಎಲೆ ಹಾಕುವಾಗ ಅದೇ ಪ್ರಶ್ನೆ ಮತ್ತೊಮ್ಮೆ ಬರುತ್ತಿತ್ತು. ಎಂಬತ್ತರ ಹತ್ತಿರ ಬಂದಿದ್ದೇನೆ, ಐವತ್ತಾರು ಮರೆತಿಲ್ಲ.

– ನಿವೃತ್ತ ಅಂಚೆ ನೌಕರ, ಕುಂದಾಪುರ

•

ಮುಂದಿನದು ಕೇಳಿದ ಪ್ರಶ್ನೆಗೆ ನೇರ ಉತ್ತರವಲ್ಲ. ಆದರೂ ಕೊಡುತ್ತಿದ್ದೇವೆ.

•

ಮಗಳೇ, ಹಾಸ್ಟೆಲ್‌ನಲ್ಲಿ ಬೆಳಗಿನ ತಿಂಡಿ ತಿನ್ನುತ್ತೀಯೋ ಇಲ್ಲವೋ ಎಂದು ನಿನ್ನ ಪತ್ರದಲ್ಲಿ ಹುಡುಕಿದೆ, ಸಿಗಲಿಲ್ಲ. ನನ್ನ ಮಗ ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಚಹ ಕುಡಿಯುತ್ತ ಓದಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೋಗಿ, ಗೊತ್ತಿದ್ದ ಉತ್ತರವನ್ನೇ ಬಿಟ್ಟು ಬಂದಿದ್ದ. ತಲೆ ಬರಿದಾಗುವುದಕ್ಕೆ ನಿದ್ದೆಗೇಡೂ ಒಂದು ಕಾರಣವಿರಬಹುದು. ಮನೆಯಿಂದ ಚಟ್ನಿಪುಡಿ, ಅವಲಕ್ಕಿ ತರಿಸಿಕೊಂಡು ಕೋಣೆಯಲ್ಲಿ ಇಟ್ಟುಕೋ.

– ಗೃಹಿಣಿ, ಮೈಸೂರು

•

ಬುದ್ಧಿ ಹುಟ್ಟಿನಿಂದ ಬಂದಷ್ಟೇ ಎನ್ನುವ ಮನೋಭಾವವನ್ನು ಬಿಡಿ, ಅದು ಬೆಳೆಯುತ್ತದೆ ಎಂದು ನಂಬಿ ಎಂದು ಅನೇಕರು ಬರೆದಿದ್ದಾರೆ. ಆ ಮಾತಿಗೆ ಧಾರವಾಡದಿಂದ ಒಂದು ತಿದ್ದುಪಡಿ ಬಂದಿದೆ.

•

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕ್ಯಾರಲ್ ಡ್ವೆಕ್ ಅವರ ಹೆಸರಿನೊಡನೆ ಬಂದ ‘ಬೆಳೆಯುವ ಮನೋಭಾವ’ದ ವಿಚಾರ ಈಗ ಶಾಲೆಗಳ ಗೋಡೆಬರಹವಾಗಿದೆ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅಮೆರಿಕದಲ್ಲಿ ಒಂಬತ್ತನೆಯ ತರಗತಿಯ ಸುಮಾರು 12,000 ಮಕ್ಕಳನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಗಂಟೆಗೂ ಕಡಿಮೆ ಅವಧಿಯ ಇಂಥ ಪಾಠದಿಂದ ಓದಿನಲ್ಲಿ ಹಿಂದುಳಿದ ಮಕ್ಕಳ ಅಂಕಗಳು ಏರಿದ್ದು ನಾಲ್ಕರ ಮಾಪಕದಲ್ಲಿ ಸುಮಾರು 0.1ರಷ್ಟು ಮಾತ್ರ. ಅಷ್ಟು ಸಣ್ಣ ಖರ್ಚಿಗೆ ಅದು ಕಡಿಮೆಯೇನಲ್ಲ, ಆದರೆ ಮಂತ್ರದಂಡವೂ ಅಲ್ಲ. ‘ನಾನು ಬೆಳೆಯಬಲ್ಲೆ’ ಎಂದು ನಂಬಿಕೊಂಡು ಅದೇ ಪುಟವನ್ನು ಆರನೆಯ ಬಾರಿ ಓದಿದರೆ ನಂಬಿಕೆಯೂ ಸೋಲುತ್ತದೆ. ನಮ್ಮ ವಿದ್ಯಾರ್ಥಿನಿಗೆ ಆಗುತ್ತಿರುವುದು ಬಹುಶಃ ಅದೇ: ಕ್ರಮದ ತಪ್ಪನ್ನು ಬುದ್ಧಿಯ ಖಾತೆಗೆ ಬರೆದುಕೊಳ್ಳುತ್ತಿದ್ದಾರೆ. ಮೊದಲು ಕ್ರಮ ಬದಲಾಗಿ ಒಂದು ಸಣ್ಣ ಗೆಲುವು ಕೈಗೆ ಸಿಗಲಿ, ಮನೋಭಾವ ಹಿಂದೆಯೇ ಬರುತ್ತದೆ. ಉಪದೇಶ ಮಾಡುವವರು ಈ ಅನುಕ್ರಮವನ್ನು ತಿರುಗುಮುರುಗು ಮಾಡುತ್ತಾರೆ ಎಂಬುದಷ್ಟೇ ನನ್ನ ತಕರಾರು.

– ಮನೋವಿಜ್ಞಾನದ ಸಂಶೋಧನಾ ವಿದ್ಯಾರ್ಥಿ, ಧಾರವಾಡ

•

ಬ್ರಾಂಚ್ ಬದಲಿಸಿಕೊಳ್ಳಿ. ನಾನೂ ಎಲೆಕ್ಟ್ರಾನಿಕ್ಸ್ ಓದಿದವನೇ, ಈಗ ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಥೆವೆನಿನ್ ಅವರನ್ನು ಹನ್ನೆರಡು ವರ್ಷಗಳಿಂದ ಯಾರೂ ನನ್ನಲ್ಲಿ ವಿಚಾರಿಸಿಲ್ಲ.

– ಓದುಗ, ಬೆಂಗಳೂರು

•

ಆದರೆ ಈ ವಿದ್ಯಾರ್ಥಿನಿಗೆ ಎಲೆಕ್ಟ್ರಾನಿಕ್ಸ್ ಇಷ್ಟವೆಂದು ಅವರ ಪತ್ರದಲ್ಲಿಯೇ ಇತ್ತು. ಅವರಷ್ಟೇ ವಯಸ್ಸಿನವರೊಬ್ಬರು ಕಲಬುರಗಿಯಿಂದ ಬರೆದಿರುವುದನ್ನು ಕೊನೆಗೆ ಇಟ್ಟಿದ್ದೇವೆ.

•

ಅಕ್ಕಾ, ನಾನೂ ಮೂರನೆಯ ಸೆಮಿಸ್ಟರ್, ನನಗೂ ಒಂದು ಬ್ಯಾಕ್‌ಲಾಗ್ ಇದೆ, ಆದ್ದರಿಂದ ಉಪದೇಶವಲ್ಲ. ನಮ್ಮ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್, ಒಂದೊಂದರಲ್ಲೂ ಎರಡು ಪೂರ್ಣ ಪ್ರಶ್ನೆ, ಅವುಗಳಲ್ಲಿ ಒಂದನ್ನು ಬರೆದರೆ ಸಾಕು. ಹಾಗಾಗಿ ಹಳೆಯ ಪತ್ರಿಕೆಗಳನ್ನು ನೋಡಿ ಬರಬಹುದಾದ ಪ್ರಶ್ನೆಗಳನ್ನಷ್ಟೇ ಬಾಯಿಪಾಠ ಮಾಡುವುದನ್ನೇ ನಾವೆಲ್ಲ ಓದು ಎಂದುಕೊಂಡಿದ್ದೆವು. ಮೊದಲ ಸೆಮಿಸ್ಟರ್ ಹಾಗೆ ದಾಟಿತು, ಎರಡನೆಯದರಲ್ಲಿ ಮುಗ್ಗರಿಸಿದೆ.

ಈಗ ನಮ್ಮ ಕೋಣೆಯ ನಾಲ್ವರು ಭಾನುವಾರ ಬೆಳಿಗ್ಗೆ ಹಳೆಯ ಪತ್ರಿಕೆಯೊಂದನ್ನು ತೆಗೆದು, ಮೊಬೈಲ್‌ಗಳನ್ನು ಬಕೆಟ್‌ನಲ್ಲಿ ಹಾಕಿ, ಮೂರು ಗಂಟೆ ನಿಜವಾಗಿಯೂ ಬರೆಯುತ್ತೇವೆ. ಆಮೇಲೆ ಒಬ್ಬರದನ್ನು ಇನ್ನೊಬ್ಬರು ತಿದ್ದುತ್ತೇವೆ. ಮೊದಲ ಭಾನುವಾರ ಗಣಿತದಲ್ಲಿ ನನಗೆ ನೂರಕ್ಕೆ ಹದಿನೇಳು ಬಂತು. ಫೂರಿಯರ್ ಸರಣಿಯ ಸೂತ್ರ ಸರಿಯಾಗಿತ್ತು, ಇಂಟಿಗ್ರೇಶನ್‌ನ ಮಿತಿಗಳನ್ನು ತಪ್ಪು ಹಾಕಿದ್ದೆ, ಹೈಸ್ಕೂಲಿನ ಭಿನ್ನರಾಶಿಯಲ್ಲೂ ಎಡವಿದ್ದೆ. ಅಳು ಬಂತು. ಆದರೆ ಏನು ಬರುವುದಿಲ್ಲ ಎಂಬ ಪಟ್ಟಿ ಮೊದಲ ಬಾರಿಗೆ ನನ್ನ ಕೈಯಲ್ಲಿತ್ತು, ಅದರಲ್ಲಿ ಒಂಬತ್ತು ಸಾಲುಗಳಿದ್ದವು. ಮೊನ್ನೆಯ ಭಾನುವಾರ ನಲವತ್ತೊಂದು ಬಂತು. ಪಟ್ಟಿಯಲ್ಲಿ ಇನ್ನೂ ನಾಲ್ಕು ಸಾಲುಗಳಿವೆ. ನಿಮ್ಮ ಪಟ್ಟಿಯನ್ನೂ ಕಳಿಸಿ, ಹೋಲಿಸಿ ನೋಡೋಣ.

– ವಿದ್ಯಾರ್ಥಿನಿ, ಕಲಬುರಗಿ

•

ಕಲಬುರಗಿಯ ವಿದ್ಯಾರ್ಥಿನಿಯ ವಿಳಾಸವನ್ನು, ಅವರ ಒಪ್ಪಿಗೆ ಪಡೆದು, ಸಮಸ್ಯೆ ಬರೆದವರಿಗೆ ತಲುಪಿಸಿದ್ದೇವೆ. ಶಿರಸಿಯವರ ಕೈಬರಹದ ಮೂಲ ಪತ್ರವನ್ನೂ ಜೊತೆಗೆ ಕಳಿಸಿದ್ದೇವೆ. ಅದರಲ್ಲಿ ಹನ್ನೊಂದು ಚಿತ್ತುಗಳಿದ್ದವು.