ಅಪ್‌ಡೇಟ್: ರೋಲರ್‌ಗಳ ಕಪ್ಪು ಕೋಟಿಂಗ್ ಚಕ್ಕೆ ಏಳುತ್ತಿದ್ದದ್ದು ಏಕೆ ಎಂದು ಗೊತ್ತಾಯಿತು

ತುಮಕೂರಿನ ಅಂತರಸನಹಳ್ಳಿಯ ನಮ್ಮ ವರ್ಕ್‌ಶಾಪ್‌ನಲ್ಲಿ ಕ್ಯಾಮ್ (ತಿರುಗುತ್ತಾ ಬೇರೆ ಭಾಗವನ್ನು ಎತ್ತಿ ಇಳಿಸುವ ಉಬ್ಬಿನ ಚಕ್ರ) ಮೇಲೆ ಉರುಳುವ ರೋಲರ್‌ಗಳಿಗೆ ಡಿಎಲ್‌ಸಿ, ಅಂದರೆ ವಜ್ರದಂಥ ಕಾರ್ಬನ್ ಕೋಟಿಂಗ್ ಹಾಕಿಸಿದ್ದೆ. ಮೂರೇ ವಾರಕ್ಕೆ ಚಕ್ಕೆ ಎದ್ದಿತು. ಕೋಟಿಂಗೇ ಕಳಪೆನಾ ಎಂದು ಹಿಂದೆ ಇಲ್ಲಿ ಕೇಳಿದ್ದೆ. "ಮೊದಲು ಕೆಳಗಿನ ಉಕ್ಕು ನೋಡಿ" ಎಂದವರಿಗೆ ತುಂಬಾ ಥ್ಯಾಂಕ್ಸ್.

ಒಂದು ರೋಲರ್ ಕತ್ತರಿಸಿ ಗಡಸುತನ ನೋಡಿಸಿದೆ. ರಾಕ್‌ವೆಲ್ ಸಿ ಎಂಬ ಗಡಸುತನದ ಅಳತೆಯಲ್ಲಿ 60 ಇರಬೇಕಿತ್ತು, ಸಿಕ್ಕಿದ್ದು 41. ಕೋಟಿಂಗ್ ದಪ್ಪ 2 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲಿ ಎರಡು ಭಾಗ) ಅಷ್ಟೇ. ಉರುಳುವಾಗ ಶಿಯರ್ ಒತ್ತಡ, ಅಂದರೆ ಲೋಹದ ಪದರಗಳನ್ನು ಒಂದರ ಮೇಲೊಂದು ಜಾರಿಸಲು ನೋಡುವ ಒತ್ತಡ, ಜಾಸ್ತಿ ಬೀಳುವುದು ಅದಕ್ಕಿಂತ ಎಷ್ಟೋ ಆಳದಲ್ಲಿ. ಭಾರ ಹೊರುವುದು ಉಕ್ಕೇ ಅಲ್ವಾ? ಅದು ತಗ್ಗಿದರೆ ಮೇಲಿನ ಪದರ ಜೊತೆಗೆ ಬಗ್ಗುವುದಿಲ್ಲ, ಒಡೆಯುತ್ತದೆ. ಲೆನ್ಸ್ ಹಿಡಿದು ನೋಡಿದೆ. ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕು, ಅಂಚಿನಲ್ಲಿ ಎದ್ದು ನಿಂತ ಕಪ್ಪು ಚಕ್ಕೆ. ಉದುರಿದ ಚಕ್ಕೆ ಎಣ್ಣೆಗೆ ಸೇರಿ ಕ್ಯಾಮ್‌ಗೂ ಗೀರು ಹಾಕಿತ್ತು. ಅದನ್ನು ನೋಡಿ ಹೊಟ್ಟೆ ಉರಿಯಿತು.

ಈ ಸಲ ಇಎನ್31 ಎಂಬ ಬೇರಿಂಗ್ ಉಕ್ಕು ತಂದು, 60ಕ್ಕೆ ಹಾರ್ಡ್ ಮಾಡಿಸಿ, ಲ್ಯಾಪಿಂಗ್ (ನುಣ್ಣನೆ ಪುಡಿಯಿಂದ ಉಜ್ಜಿ ನಯ ಮಾಡುವುದು) ಮಾಡಿಸಿ, ಕೋಟಿಂಗ್ ಕೆಳಗೆ ಕ್ರೋಮಿಯಂ ಪದರ ಕೊಡಿಸಿದೆ. ಕೋಟಿಂಗ್ ಹಾಕುವಾಗಿನ ಬಿಸಿ ಟೆಂಪರಿಂಗ್ (ಹಾರ್ಡ್ ಮಾಡಿದ ಉಕ್ಕನ್ನು ಮತ್ತೆ ಹದವಾಗಿ ಕಾಯಿಸುವುದು) ಬಿಸಿಯನ್ನು ದಾಟಬಾರದು ಎಂದೂ ಒತ್ತಿ ಹೇಳಿದೆ, ದಾಟಿದರೆ ಗಡಸುತನ ಇಳಿದುಹೋಗುತ್ತದೆ. ನಾಲ್ಕು ತಿಂಗಳಾಯಿತು. ಮೊನ್ನೆ ಬಿಚ್ಚಿದಾಗ ಉರುಳುವ ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಚಕ್ಕೆಯೂ ಎದ್ದಿಲ್ಲ.